ಪ್ರೊ ಮೋಡ್‌ನಲ್ಲಿ ತೆಗೆದ ವೀಡಿಯೊ ಕೆಟ್ಟರೆ ದೋಷವನ್ನು ಎಲ್ಲಿ ಹುಡುಕಬೇಕು

ಕುಂಬಳೆ ಸಮೀಪದ ಬಯಲೊಂದರಲ್ಲಿ ನಡೆದ ಯಕ್ಷಗಾನವನ್ನು ನಾನು ಫೋನಿನ ಪ್ರೊ ಮೋಡ್‌ನಲ್ಲಿ, ಅಂದರೆ ಸೆಟ್ಟಿಂಗುಗಳನ್ನು ನಾವೇ ಇಡುವ ಮ್ಯಾನುವಲ್ ಮೋಡ್‌ನಲ್ಲಿ, ಚಿತ್ರೀಕರಿಸಿದ್ದೆ. ಫ್ರೇಮ್ ದರ (ಸೆಕೆಂಡಿಗೆ ತೆಗೆಯುವ ಚಿತ್ರಗಳ ಸಂಖ್ಯೆ) 30, ಶಟರ್ ವೇಗ (ಒಂದೊಂದು ಚಿತ್ರಕ್ಕೆ ಬೆಳಕು ಬೀಳುವ ಅವಧಿ) 1/60 ಸೆಕೆಂಡು, ಐಎಸ್‌ಒ (ಆ ಬೆಳಕನ್ನು ವರ್ಧಿಸುವ ಮಟ್ಟ) 400. ಮೂರನ್ನೂ ಕೈಯಾರೆ ಇಟ್ಟಿದ್ದೆ. ಚೌಕಿಯ (ವೇಷ ಹಾಕಿಕೊಳ್ಳುವ ಜಾಗದ) ಬದಿಯಲ್ಲಿ ನಿಂತು ಫೋನಿನ ಪರದೆಯಲ್ಲಿ ನೋಡುವಾಗ ಯಾವ ಕೊರತೆಯೂ ಕಾಣಿಸಲಿಲ್ಲ. ಮರುದಿನ ಮನೆಯ ಟಿವಿಯಲ್ಲಿ ಹಾಕಿದಾಗ ರಂಗಸ್ಥಳದ ಹಿಂದಿನ ತಿಳಿಬಣ್ಣದ ಬಟ್ಟೆಯ ಮೇಲೆ ಅಡ್ಡಡ್ಡಲಾಗಿ ಮಸುಕು ಪಟ್ಟಿಗಳು ಓಡುತ್ತಿದ್ದವು. ಕಿರೀಟದ ಮಣಿಗಳು ಪಟ್ಟಿ ಹಾದುಹೋದಾಗಲೆಲ್ಲ ಕಂದಿ ಮತ್ತೆ ಹೊಳೆಯುತ್ತಿದ್ದವು. ನನ್ನ ಪಕ್ಕದಲ್ಲೇ ಕುಳಿತಿದ್ದ ಭಾವ ಯಾವ ಸೆಟ್ಟಿಂಗನ್ನೂ ಮುಟ್ಟದೆ ಆಟೋ ಮೋಡ್‌ನಲ್ಲಿ ತೆಗೆದ ವೀಡಿಯೊದಲ್ಲಿ ಆ ಪಟ್ಟಿಗಳ ಸುಳಿವೇ ಇರಲಿಲ್ಲ.

ಒಂದೇ ಬೆಳಕು, ಒಂದೇ ಬಗೆಯ ಫೋನು, ಕೆಟ್ಟದ್ದು ಮಾತ್ರ ಹೆಚ್ಚು ಜಾಗ್ರತೆ ವಹಿಸಿದವನ ವೀಡಿಯೊ. ಇದರ ಕಾರಣವನ್ನು ಹುಡುಕುತ್ತ ಹೋದಾಗ ಸ್ಪಷ್ಟವಾದ ಸಂಗತಿಯೇ ಈ ಬರಹಕ್ಕೆ ಆಧಾರ. ಮ್ಯಾನುವಲ್ ಮೋಡ್ ಎಂಬ ಹೆಸರಿನಲ್ಲಿ ಫೋನು ಕೆಲವು ನಿಯಂತ್ರಣಗಳನ್ನು ಪೂರ್ತಿಯಾಗಿ ಕೊಡುತ್ತದೆ, ಕೆಲವನ್ನು ಅರ್ಧ ಮಾತ್ರ ಕೊಡುತ್ತದೆ, ಇನ್ನು ಕೆಲವನ್ನು ಕೊಡುವುದೇ ಇಲ್ಲ. ಕೊಟ್ಟದ್ದರ ಜತೆಗೆ, ಅದುವರೆಗೆ ತಾನು ಸದ್ದಿಲ್ಲದೆ ಮಾಡುತ್ತಿದ್ದ ಕೆಲವು ಕೆಲಸಗಳ ಹೊಣೆಯನ್ನೂ ನಮ್ಮ ಹೆಗಲಿಗೆ ದಾಟಿಸುತ್ತದೆ. ಆದ್ದರಿಂದ ವೀಡಿಯೊದಲ್ಲಿ ದೋಷ ಕಂಡೊಡನೆ ಸಂಖ್ಯೆಗಳನ್ನು ಅತ್ತಿತ್ತ ತಿರುಗಿಸುವ ಮೊದಲು, ಇದು ನಾನಿಟ್ಟ ಸಂಖ್ಯೆಯ ತಪ್ಪೋ ಅಥವಾ ಫೋನು ತನ್ನಲ್ಲೇ ಉಳಿಸಿಕೊಂಡಿರುವ ನಿಯಂತ್ರಣದ ಫಲವೋ ಎಂದು ಬೇರ್ಪಡಿಸಿಕೊಳ್ಳಬೇಕು.

ಮುಂಡಿನ ಪರೀಕ್ಷೆ

ಬೇರ್ಪಡಿಸುವ ಮೊದಲ ಹೆಜ್ಜೆಯನ್ನು ಮನೆಯಲ್ಲೇ ಇಡಬಹುದು. ಫೋನನ್ನು ಟ್ರೈಪಾಡಿಗೆ ಬಿಗಿದು, ಅದಿಲ್ಲದಿದ್ದರೆ ಜಗಲಿಯ ಕಂಬಕ್ಕೆ ಒರಗಿಸಿ, ಶಟರ್, ಐಎಸ್‌ಒ, ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಾಣಿಕೆ), ಫೋಕಸ್ ಇವೆಲ್ಲವನ್ನೂ ನಿರ್ದಿಷ್ಟ ಸಂಖ್ಯೆಗೆ ನಿಲ್ಲಿಸಿ ರೆಕಾರ್ಡಿಂಗ್ ಆರಂಭಿಸಬೇಕು. ಚೌಕಟ್ಟಿನ ಒಂದು ಮೂಲೆಯಲ್ಲಿ ಅಲುಗಾಡದ ವಸ್ತು, ಉದಾಹರಣೆಗೆ ಗೋಡೆಯ ಕ್ಯಾಲೆಂಡರ್, ಇರಲಿ. ಈಗ ಯಾರಾದರೂ ಬಿಳಿ ಮುಂಡನ್ನು (ಪಂಚೆಯನ್ನು) ಬಿಡಿಸಿ ಹಿಡಿದುಕೊಂಡು ಚೌಕಟ್ಟಿನ ಅರ್ಧ ತುಂಬುವಂತೆ ನಿಧಾನವಾಗಿ ಒಳಗೆ ಬಂದು ಹೊರಗೆ ಹೋಗಲಿ. ಆಮೇಲೆ ವೀಡಿಯೊ ನೋಡುವಾಗ ಕಣ್ಣು ಮುಂಡಿನ ಮೇಲಿರದೆ ಕ್ಯಾಲೆಂಡರಿನ ಮೇಲಿರಬೇಕು. ಮುಂಡು ಬಂದಾಗ ಕ್ಯಾಲೆಂಡರ್ ಕಪ್ಪಾಗಿ, ಅದು ಹೋದಾಗ ಮತ್ತೆ ಬೆಳಗಿದರೆ, ಪರದೆಯ ಮೇಲೆ ಸಂಖ್ಯೆಗಳು ಕದಲದಿದ್ದರೂ ಒಳಗೆ ಯಾವುದೋ ಸ್ವಯಂಚಾಲಿತ ವ್ಯವಸ್ಥೆ ಇನ್ನೂ ಕೆಲಸ ಮಾಡುತ್ತಿದೆ ಎಂದು ಅರ್ಥ. ಮುಂಡಿನ ಬದಲು ದಟ್ಟ ಕೆಂಪು ಸೀರೆ ಹಿಡಿದು ಇದನ್ನೇ ಮಾಡಿದಾಗ ಕ್ಯಾಲೆಂಡರಿನ ಬಣ್ಣ ನೀಲಿ ಹಸಿರಿನ ಕಡೆಗೆ ವಾಲಿದರೆ ವೈಟ್ ಬ್ಯಾಲೆನ್ಸ್ ಲಾಕ್ ಆಗಿಲ್ಲ.

ಕ್ಯಾಲೆಂಡರ್ ಕಪ್ಪಾಗುವುದಕ್ಕೆ ಹೆಚ್ಚಾಗಿ ಕಾರಣ ಎಚ್‌ಡಿಆರ್ ಅಥವಾ ಅದರಂಥ ಬೆಳಕು ಹೊಂದಿಸುವ ಸಂಸ್ಕರಣೆ. ಶಟರ್ ಮತ್ತು ಐಎಸ್‌ಒಗಳು ಸೆನ್ಸರಿಗೆ ಎಷ್ಟು ಬೆಳಕು ತಲುಪಬೇಕು, ಅದನ್ನು ಎಷ್ಟು ವರ್ಧಿಸಬೇಕು ಎಂಬುದನ್ನು ಮಾತ್ರ ನಿರ್ಧರಿಸುತ್ತವೆ. ಅದಾದ ಮೇಲೆ ಚಿತ್ರವು ಫೋನಿನ ಸಂಸ್ಕಾರಕದ ಮೂಲಕ ಹಾದು ಬರುವಾಗ ನೆರಳಿನ ಭಾಗಗಳನ್ನು ಎತ್ತುವುದು, ಬೆಳಗಿದ ಭಾಗಗಳನ್ನು ತಗ್ಗಿಸುವುದು, ಮುಖಗಳನ್ನು ಗುರುತಿಸಿ ಬೆಳಗಿಸುವುದು ಮುಂತಾದ ಕೆಲಸಗಳು ಪ್ರತಿ ಫ್ರೇಮಿಗೂ ಹೊಸದಾಗಿ ನಡೆಯುತ್ತವೆ, ಇವುಗಳಿಗೆ ಪ್ರೊ ಮೋಡ್‌ನಲ್ಲಿ ಸಾಮಾನ್ಯವಾಗಿ ಯಾವ ಗುಂಡಿಯೂ ಇರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಎಚ್‌ಡಿಆರ್ ವೀಡಿಯೊ, ಮುಖ ಸೌಂದರ್ಯ, ದೃಶ್ಯ ಗುರುತಿಸುವಿಕೆ ಇಂಥವನ್ನೆಲ್ಲ ಆಫ್ ಮಾಡಿ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು. ಲಾಗ್ ಎಂಬ ಚಪ್ಪಟೆ ಬಣ್ಣದ ಆಯ್ಕೆ ಇರುವ ಫೋನುಗಳಲ್ಲಿ (2023ರ ಐಫೋನ್ 15 ಪ್ರೊ ಈ ಸೌಲಭ್ಯದೊಂದಿಗೆ ಬಂತು) ಈ ಹೊಂದಾಣಿಕೆ ಬಹಳ ಕಡಿಮೆಯಾಗುತ್ತದೆ, ಆದರೆ ಬಣ್ಣವನ್ನು ಆಮೇಲೆ ಎಡಿಟಿಂಗ್‌ನಲ್ಲಿ ನಾವೇ ಕಟ್ಟಬೇಕಾಗುತ್ತದೆ. ಎಲ್ಲವನ್ನೂ ಆಫ್ ಮಾಡಿದ ಮೇಲೂ ಕ್ಯಾಲೆಂಡರ್ ಮಿಡಿಯುತ್ತಿದ್ದರೆ ಆ ಫೋನಿನಲ್ಲಿ ಅದಕ್ಕೆ ಪರಿಹಾರವಿಲ್ಲವೆಂದು ಒಪ್ಪಿಕೊಂಡು, ಬೆಳಕಿನ ಏರಿಳಿತ ಕಡಿಮೆ ಇರುವಂತೆ ಚೌಕಟ್ಟನ್ನು ಆರಿಸಿಕೊಳ್ಳುವುದೇ ದಾರಿ.

ಗುಂಡಿಯೇ ಕಾಣಿಸದಿದ್ದರೆ

ಫೋನಿನ ಸ್ವಂತ ಕ್ಯಾಮೆರಾದಲ್ಲಿ ಫೋಟೊಗೆ ಪ್ರೊ ಮೋಡ್ ಇದ್ದು ವೀಡಿಯೊಗೆ ಇಲ್ಲದಿರುವುದು, ಇದ್ದರೂ ಮುಖ್ಯ ಲೆನ್ಸಿಗೆ ಮಾತ್ರ ಸೀಮಿತವಾಗಿರುವುದು ಸಾಮಾನ್ಯ. ಆಗ ಓಪನ್ ಕ್ಯಾಮೆರಾ, ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾದಂತಹ ಬೇರೆ ಆ್ಯಪ್ ಹಾಕಿಕೊಳ್ಳುತ್ತೇವೆ. ಅಲ್ಲಿಯೂ ಶಟರ್ ಅಥವಾ ಫೋಕಸ್ ಗುಂಡಿ ಕಾಣಿಸದಿದ್ದರೆ ಆ್ಯಪ್ ಕೆಟ್ಟಿದೆಯೆಂದು ಭಾವಿಸುತ್ತೇವೆ. ವಾಸ್ತವವಾಗಿ ಆಂಡ್ರಾಯ್ಡ್‌ನಲ್ಲಿ ಹೊರಗಿನ ಆ್ಯಪ್‌ಗಳಿಗೆ ಈ ನಿಯಂತ್ರಣಗಳನ್ನು ತೆರೆದುಕೊಟ್ಟದ್ದು 2014ರ 5.0 ಆವೃತ್ತಿಯ ಕ್ಯಾಮೆರಾ2 ವ್ಯವಸ್ಥೆ. ಪ್ರತಿಯೊಂದು ಕ್ಯಾಮೆರಾ ಎಷ್ಟನ್ನು ಬಿಟ್ಟುಕೊಡುತ್ತದೆ ಎಂಬುದನ್ನು ಫೋನು ತಯಾರಿಸಿದವರೇ ಲೆಗಸಿ, ಲಿಮಿಟೆಡ್, ಫುಲ್, ಲೆವೆಲ್ 3 ಎಂಬ, ಕೆಳಗಿನಿಂದ ಮೇಲಕ್ಕೇರುವ ದರ್ಜೆಗಳಲ್ಲಿ ಘೋಷಿಸಿರುತ್ತಾರೆ. ಲೆಗಸಿ ದರ್ಜೆಯ ಕ್ಯಾಮೆರಾದಲ್ಲಿ ಯಾವ ಆ್ಯಪ್ ಹಾಕಿದರೂ ಶಟರ್ ಕೈಗೆ ಬರುವುದಿಲ್ಲ. ಈ ದರ್ಜೆಯನ್ನು ತೋರಿಸುವ ಉಚಿತ ಆ್ಯಪ್‌ಗಳಿವೆ. ಒಂದೇ ಫೋನಿನ ಮುಖ್ಯ ಲೆನ್ಸಿಗೂ ಸೆಲ್ಫಿ ಲೆನ್ಸಿಗೂ ಬೇರೆ ಬೇರೆ ದರ್ಜೆ ಇರಬಹುದಾದ್ದರಿಂದ ಎಲ್ಲವನ್ನೂ ನೋಡಬೇಕು. ಐಫೋನಿನಲ್ಲಿ ಇವು ಹೊರಗಿನ ಆ್ಯಪ್‌ಗಳಿಗೆ ತೆರೆದುಕೊಂಡದ್ದೂ 2014ರಲ್ಲೇ, ಐಒಎಸ್ 8ರ ಮೂಲಕ.

ಓಡುವ ಪಟ್ಟಿಗಳು

ಈಗ ಕುಂಬಳೆಯ ಬಯಲಿಗೆ ಮರಳುತ್ತೇನೆ, ಏಕೆಂದರೆ ನಮ್ಮ ಊರುಗಳಲ್ಲಿ ರಾತ್ರಿಯ ಕಾರ್ಯಕ್ರಮ ಚಿತ್ರೀಕರಿಸುವವರನ್ನು ಅತಿ ಹೆಚ್ಚು ಕಾಡುವ ದೋಷ ಇದೇ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದು. ಅದರಿಂದ ಉರಿಯುವ ಟ್ಯೂಬ್‌ಲೈಟು ಮತ್ತು ಅಗ್ಗದ ಎಲ್‌ಇಡಿ ದೀಪಗಳ ಬೆಳಕು ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. ಫೋನಿನ ಸೆನ್ಸರ್ ಇಡೀ ಚಿತ್ರವನ್ನು ಒಂದೇ ಗಳಿಗೆಯಲ್ಲಿ ಓದದೆ ಸಾಲು ಸಾಲಾಗಿ ಓದುತ್ತದೆ. ಒಂದು ಸಾಲು ಬೆಳಕಿನ ಏರಿನಲ್ಲಿಯೂ ಇನ್ನೊಂದು ಇಳಿತದಲ್ಲಿಯೂ ಓದಲ್ಪಟ್ಟರೆ ಅವುಗಳ ನಡುವಿನ ವ್ಯತ್ಯಾಸವೇ ಪಟ್ಟಿಯಾಗುತ್ತದೆ. ಶಟರ್ ತೆರೆದಿರುವ ಅವಧಿಯಲ್ಲಿ ಏರಿಳಿತದ ಪೂರ್ಣ ಸುತ್ತುಗಳು ಮುಗಿದರೆ, ಅಂದರೆ 1/100 ಸೆಕೆಂಡಿಗೆ ಒಂದು, 1/50ಕ್ಕೆ ಎರಡು, 1/25ಕ್ಕೆ ನಾಲ್ಕು, ಎಲ್ಲ ಸಾಲುಗಳಿಗೂ ಸಮಪಾಲು ಬೆಳಕು ಸಿಗುತ್ತದೆ. ನಾನಿಟ್ಟಿದ್ದ 1/60ರಲ್ಲಿ ಸಿಗುವುದು ಒಂದು ಸುತ್ತು ಮತ್ತು ಇನ್ನೊಂದರ ಮೂರನೆಯ ಎರಡು ಪಾಲು. ಆ ಅಪೂರ್ಣ ಸುತ್ತೇ ಪಟ್ಟಿಗಳಿಗೆ ಕಾರಣ. 1/60 ಎಂಬುದು 60 ಆವರ್ತಗಳ ವಿದ್ಯುತ್ತಿರುವ ಅಮೆರಿಕದಂತಹ ದೇಶಗಳಿಗೆ ಸರಿಹೊಂದುವ ಸಂಖ್ಯೆ. ಅಲ್ಲಿನವರ ಪಾಠಗಳನ್ನು ನೋಡಿ ಕಲಿತು ಇಲ್ಲಿ ಬಳಸಿದರೆ ದೀಪದ ಕೆಳಗೆ ಪಟ್ಟಿ ತಪ್ಪುವುದಿಲ್ಲ.

ಭಾವನ ವೀಡಿಯೊದಲ್ಲಿ ಪಟ್ಟಿಗಳಿಲ್ಲದಿರಲು ಕಾರಣ, ಆಟೋ ಮೋಡ್‌ನಲ್ಲಿ ಈ ಮಿನುಗನ್ನು ತಪ್ಪಿಸುವಂತೆ ಶಟರನ್ನು ಆರಿಸುವ ವ್ಯವಸ್ಥೆಯೊಂದು ಇರುತ್ತದೆ. ಆಂಡ್ರಾಯ್ಡ್‌ನಲ್ಲಿ ಎಕ್ಸ್‌ಪೋಷರನ್ನು (ಚಿತ್ರಕ್ಕೆ ಸಿಗುವ ಬೆಳಕಿನ ಪ್ರಮಾಣವನ್ನು) ಮ್ಯಾನುವಲ್‌ಗೆ ಬದಲಿಸಿದ ಕ್ಷಣದಿಂದ ಆ ವ್ಯವಸ್ಥೆಗೆ ಯಾವ ಪರಿಣಾಮವೂ ಇರುವುದಿಲ್ಲ; ಸರಿಯಾದ ಶಟರ್ ಇಡುವ ಹೊಣೆ ಪೂರ್ತಿ ನಮ್ಮದಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಮಿನುಗು ತಡೆಯನ್ನು 50 ಹರ್ಟ್ಸ್‌ಗೆ ಇಟ್ಟಿದ್ದೇನೆ ಎಂಬ ಭರವಸೆಯಿಂದ ಮ್ಯಾನುವಲ್‌ಗೆ ಹೋಗುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಪಟ್ಟಿಯ ಚಲನೆಯೂ ಒಂದು ಸುಳಿವು. 30 ಫ್ರೇಮಿನಲ್ಲಿ ಪಟ್ಟಿ ಬೇಗ ಬೇಗ ಓಡುತ್ತಿದ್ದರೆ ಅಥವಾ 25 ಫ್ರೇಮಿನಲ್ಲಿ ಬಹುತೇಕ ನಿಂತಲ್ಲೇ ನಿಂತಿದ್ದರೆ ಅದು ಮುಖ್ಯ ಲೈನಿನ ವಿದ್ಯುತ್ತಿನದು. ಶಟರನ್ನು 1/50 ಅಥವಾ 1/100ಕ್ಕೆ ತಂದರೆ ಮಾಯವಾಗುತ್ತದೆ. ಫ್ರೇಮ್ ದರ 30 ಇದ್ದರೂ 1/50 ಇಡಲು ಅಡ್ಡಿಯಿಲ್ಲ. ಆದರೆ 60 ಫ್ರೇಮಿನಲ್ಲಿ ಒಂದೊಂದು ಫ್ರೇಮಿಗೆ ಇರುವ ಕಾಲವೇ 1/60 ಸೆಕೆಂಡಾದ್ದರಿಂದ 1/50 ಸಾಧ್ಯವೇ ಇಲ್ಲ, ಉಳಿಯುವುದು 1/100 ಒಂದೇ, ಮತ್ತು ಆಗ ಬೆಳಕು ಅರ್ಧಕ್ಕಿಳಿಯುತ್ತದೆ. ರಾತ್ರಿಯ ಯಕ್ಷಗಾನದ ಆಟಕ್ಕೆ 60 ಫ್ರೇಮ್ ಬೇಡವೆಂದು ನಾನು ಹೇಳುವುದು ಇದೇ ಕಾರಣಕ್ಕೆ.

ಇನ್ನು 1/50 ಇಟ್ಟ ಮೇಲೂ 25 ಫ್ರೇಮಿನಲ್ಲಿ ತೀರಾ ಮಸುಕಾದ ಒಂದು ಪಟ್ಟಿ ಚೌಕಟ್ಟಿನಲ್ಲಿ ತೆವಳುತ್ತಿದ್ದರೆ ಜನರೇಟರಿನ ಸದ್ದು ಕೇಳಿಸುತ್ತದೆಯೇ ಎಂದು ಗಮನಿಸಬೇಕು. ಗದ್ದೆಬಯಲಿನ ಆಟಗಳಲ್ಲಿ ದೀಪಗಳು ಹಲವು ಬಾರಿ ಜನರೇಟರಿನಲ್ಲಿ ಉರಿಯುತ್ತವೆ, ಮತ್ತು ಅದರ ಆವರ್ತ ಹೊರೆಗೆ ತಕ್ಕಂತೆ 50ರ ಆಚೀಚೆ ಸರಿಯುತ್ತದೆ. ಶಟರನ್ನು ಸಣ್ಣ ಹಂತಗಳಲ್ಲಿ ಬದಲಿಸಬಲ್ಲ ಆ್ಯಪ್ ಇದ್ದರೆ 1/51, 1/52 ಎಂದು ಏರಿಸುತ್ತ ಪಟ್ಟಿ ಕರಗುವ ಸ್ಥಾನವನ್ನು ಹುಡುಕಬಹುದು. ಸ್ವಂತ ಕ್ಯಾಮೆರಾದಲ್ಲಿ ಹೆಚ್ಚಾಗಿ 1/50 ಬಿಟ್ಟರೆ 1/60 ಎಂಬ ದೊಡ್ಡ ಜಿಗಿತವೇ ಇರುವುದರಿಂದ ಅದು ಆಗದು. ಬಣ್ಣ ಬದಲಿಸುವ ಎಲ್‌ಇಡಿ ದೀಪಗಳೂ ಎಲ್‌ಇಡಿ ಪರದೆಗಳೂ ತಮ್ಮದೇ ಆವರ್ತದಲ್ಲಿ ಮಿನುಗುವಂಥವು. ಅವುಗಳ ಪಟ್ಟಿ 1/50ಕ್ಕಾಗಲಿ 1/100ಕ್ಕಾಗಲಿ ಜಗ್ಗುವುದಿಲ್ಲ. ಶಟರನ್ನು ಸಾಧ್ಯವಾದಷ್ಟು ನಿಧಾನಗೊಳಿಸಿ, ಆ ದೀಪ ನೇರವಾಗಿ ಚೌಕಟ್ಟಿಗೆ ಬಾರದಂತೆ ಜಾಗ ಬದಲಿಸಬೇಕು.

ಬೇಕಲದ ಬಿಸಿಲು

ಹಗಲಿನ ದೋಷ ಬೇರೆ. ಬೇಕಲ ಕೋಟೆಯ ಮೇಲೆ ಮಧ್ಯಾಹ್ನ ನಿಂತು 1/50 ಶಟರ್ ಇಟ್ಟರೆ ಕಡಲೂ ಆಕಾಶವೂ ಬಿಳಿಯ ಹಾಳೆಯಂತೆ ಸುಟ್ಟುಹೋಗುತ್ತವೆ. ಶಟರನ್ನು ಏರಿಸಿ ಬೆಳಕು ಸರಿಮಾಡಿದರೆ ಅಲೆಗಳೂ ನಡೆಯುವವರ ಕೈಕಾಲುಗಳೂ ತುಂಡು ತುಂಡಾಗಿ ಕುಪ್ಪಳಿಸಿದಂತೆ ಕಾಣುತ್ತವೆ, ಏಕೆಂದರೆ ಪ್ರತಿ ಫ್ರೇಮಿನಲ್ಲಿಯೂ ಚಲನೆಯ ಸಹಜವಾದ ಮಸುಕು ಉಳಿದಿರುವುದಿಲ್ಲ. ಇಲ್ಲಿ ನಾವು ತಪ್ಪು ಮಾಡಿಲ್ಲ; ಕೈಗೆ ಸಿಗಬೇಕಾದ ಒಂದು ನಿಯಂತ್ರಣವೇ ಇಲ್ಲ. ದೊಡ್ಡ ಕ್ಯಾಮೆರಾದಲ್ಲಿ ಅಪರ್ಚರನ್ನು, ಅಂದರೆ ಲೆನ್ಸಿನಲ್ಲಿ ಬೆಳಕು ಒಳಬರುವ ಕಂಡಿಯನ್ನು, ಕಿರಿದು ಮಾಡಿ ಬೆಳಕು ತಗ್ಗಿಸುತ್ತಾರೆ. ಫೋನಿನ ಲೆನ್ಸಿನ ಅಪರ್ಚರ್ ಒಂದೇ ಅಳತೆಗೆ ನಿಂತಿರುತ್ತದೆ. 2018ರ ಗ್ಯಾಲಕ್ಸಿ ಎಸ್9ರಲ್ಲಿ ಎಫ್ 1.5 ಮತ್ತು ಎಫ್ 2.4 ಎಂಬ ಎರಡು ಅಳತೆಗಳಿದ್ದವು (ಎಫ್ ಸಂಖ್ಯೆ ಹೆಚ್ಚಿದಂತೆ ಕಂಡಿ ಕಿರಿದು), ಆಮೇಲೆಯೂ ಬೆರಳೆಣಿಕೆಯ ಮಾದರಿಗಳಲ್ಲಿ ಬದಲಾಗುವ ಅಪರ್ಚರ್ ಬಂದಿದೆ. ಉಳಿದ ಫೋನುಗಳ ಪ್ರೊ ಮೋಡ್‌ನಲ್ಲಿ ಅಪರ್ಚರ್ ಎಂದು ಕಾಣುವುದು ಹಿನ್ನೆಲೆಯನ್ನು ಮಸುಕುಗೊಳಿಸುವ ಲೆಕ್ಕಾಚಾರವೇ ಹೊರತು ಬೆಳಕಿನ ದಾರಿಯಲ್ಲ.

ಎಷ್ಟು ಬೆಳಕು ಹೆಚ್ಚಾಗಿದೆ ಎಂಬುದನ್ನು ಲೆಕ್ಕ ಹಾಕಬಹುದು. ಹಳೆಯ ಫಿಲ್ಮ್ ಕಾಲದ ನಿಯಮದಂತೆ ನಿಚ್ಚಳ ಬಿಸಿಲಿನಲ್ಲಿ ಎಫ್ 16 ಇದ್ದಾಗ ಶಟರ್ ವೇಗ ಐಎಸ್‌ಒ ಸಂಖ್ಯೆಯಷ್ಟಿರಬೇಕು. ಐಎಸ್‌ಒ 50 ಆದರೆ 1/50. ಫೋನಿನ ಎಫ್ 1.8 ಲೆನ್ಸ್ ಎಫ್ 16ಕ್ಕಿಂತ ಸುಮಾರು 79 ಪಟ್ಟು ಬೆಳಕನ್ನು ಒಳಬಿಡುತ್ತದೆ, ಆದ್ದರಿಂದ ಅದಕ್ಕೆ ಬೇಕಾಗುವ ಶಟರ್ ಸುಮಾರು 1/4000. ಇದನ್ನು 1/50ರ ಹತ್ತಿರಕ್ಕೆ ತರಲು ಬೆಳಕನ್ನು 64ನೆಯ ಒಂದು ಪಾಲಿಗೆ ಇಳಿಸುವ ಎನ್‌ಡಿ 64 ಫಿಲ್ಟರ್ (ಲೆನ್ಸಿನ ಮುಂದೆ ಇಡುವ ಕಪ್ಪು ಗಾಜು) ಬೇಕು. ಎನ್‌ಡಿ 8 ಸಾಕೆಂದು ಕೊಂಡುಕೊಂಡು ಬಿಸಿಲಿನಲ್ಲಿ ಸೋತವರು ಈ ಲೆಕ್ಕವನ್ನು ನೋಡಬೇಕು. ತಿರುಗಿಸಿ ಹೊಂದಿಸುವ ಫಿಲ್ಟರನ್ನು ಕೊನೆಯವರೆಗೆ ತಿರುಗಿಸಿದಾಗ, ಅದರಲ್ಲೂ ಅಲ್ಟ್ರಾವೈಡ್ ಲೆನ್ಸಿನಲ್ಲಿ, ಚಿತ್ರದ ಮೇಲೆ ಅಡ್ಡಕತ್ತರಿಯಂತೆ ಕಪ್ಪು ಕಲೆ ಮೂಡುವುದುಂಟು. ಅದು ಫಿಲ್ಟರಿನ ದೋಷ, ಫೋನಿನದಲ್ಲ.

ಸರಿಯುವ ಫೋಕಸ್, ಬದಲಾಗುವ ಲೆನ್ಸ್

ಫೋಕಸ್ ಗುಂಡಿಯ ಮೇಲೆ ಕಾಣುವ ಸಂಖ್ಯೆಯನ್ನು ದೂರವೆಂದು ನಂಬಬಾರದು. ಫೋನಿನ ಲೆನ್ಸನ್ನು ಮುಂದೆ ಹಿಂದೆ ಸರಿಸುವುದು ಸುರುಳಿ ಮತ್ತು ಅಯಸ್ಕಾಂತದ ಪುಟ್ಟ ಮೋಟಾರು. ಹಲವು ಫೋನುಗಳಲ್ಲಿ ಲೆನ್ಸ್ ನಿಜವಾಗಿ ಎಲ್ಲಿ ನಿಂತಿದೆ ಎಂದು ತಿಳಿಯುವ ಏರ್ಪಾಡಿರುವುದಿಲ್ಲ. ಫೋನನ್ನು ನೇರವಾಗಿ ಹಿಡಿದಾಗ ಇಟ್ಟ ಸಂಖ್ಯೆ, ಅದನ್ನೇ ಕೆಳಮುಖವಾಗಿ ಬಾಗಿಸಿದಾಗ ಲೆನ್ಸಿನ ತೂಕದಿಂದ ಸ್ವಲ್ಪ ಬೇರೆ ಜಾಗದಲ್ಲಿ ನಿಲ್ಲಬಹುದು. ಫೋನು ಬಿಸಿಯಾದಾಗಲೂ ಹೀಗೆಯೇ. ಪರೀಕ್ಷೆ ಸುಲಭ: ಮನೆಯಲ್ಲಿ ಅಡಿಕೆಯನ್ನು ಸುಲಿಯುವ ಕೈಗಳನ್ನು ಹತ್ತಿರದಿಂದ, ಫೋಕಸ್ ಲಾಕ್ ಮಾಡಿ, ಮೊದಲು ಎದುರಿನಿಂದಲೂ ಆಮೇಲೆ ಅದೇ ಅಂತರದಲ್ಲಿ ಮೇಲಿನಿಂದಲೂ ಚಿತ್ರೀಕರಿಸಿ, ಎರಡರಲ್ಲಿಯೂ ಸಿಪ್ಪೆಯ ನಾರು ಒಂದೇ ಸಮ ಸ್ಪಷ್ಟವಿದೆಯೇ ಎಂದು ನೋಡಬೇಕು. ವ್ಯತ್ಯಾಸವಿದ್ದರೆ ಚಿತ್ರೀಕರಣದ ಕೋನದಲ್ಲೇ, ಹತ್ತು ನಿಮಿಷ ಕ್ಯಾಮೆರಾ ತೆರೆದಿಟ್ಟ ಮೇಲೆ, ಚಿತ್ರವನ್ನು ಹಿಗ್ಗಿಸಿ ನೋಡಿ ಫೋಕಸ್ ಇಡುವುದು ಒಳ್ಳೆಯದು. ಮುಖ್ಯ ಲೆನ್ಸಿನಲ್ಲಿ ಕೆಲವು ಮೀಟರ್ ಆಚೆಗಿನ ರಂಗಸ್ಥಳಕ್ಕೆ ಇದರ ಉಪದ್ರ ಅಷ್ಟಾಗಿ ಇರುವುದಿಲ್ಲ, ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸಿನಲ್ಲಿ ಇರುತ್ತದೆ.

ಟೆಲಿ ಎಂದುಕೊಂಡದ್ದು ಟೆಲಿಯೇ ಆಗಿರುವುದಿಲ್ಲ ಎಂಬುದು ಇದಕ್ಕಿಂತ ದೊಡ್ಡ ತೊಂದರೆ. ಬೆಳಕು ಕಡಿಮೆಯಾದಾಗ ಅಥವಾ ವಸ್ತು ತೀರಾ ಹತ್ತಿರವಿದ್ದಾಗ ಹಲವು ಫೋನುಗಳು ಮುಖ್ಯ ಲೆನ್ಸಿನ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸಿ ಕೊಡುತ್ತವೆ. ಭಾಗವತರ ಮುಖ ಹತ್ತಿರದಿಂದ ಬೇಕೆಂದು ಜೂಮ್ ಮಾಡಿದಾಗ ಚಿತ್ರ ಎಣ್ಣೆ ಬಳಿದಂತೆ ಕಂಡರೆ, ಬೆರಳಿನಿಂದ ಟೆಲಿ ಲೆನ್ಸನ್ನು ಮುಚ್ಚಿ ನೋಡಬೇಕು. ಪರದೆ ಕಪ್ಪಾಗದಿದ್ದರೆ ಬಳಕೆಯಲ್ಲಿರುವುದು ಬೇರೆ ಲೆನ್ಸ್. ಐಫೋನಿನಲ್ಲಿ ಕ್ಯಾಮೆರಾ ಲಾಕ್ ಮಾಡುವ ಆಯ್ಕೆ ವೀಡಿಯೊ ಸೆಟ್ಟಿಂಗ್ಸ್‌ನಲ್ಲಿದೆ; ಆಂಡ್ರಾಯ್ಡ್‌ನಲ್ಲಿ ಲೆನ್ಸನ್ನು ಹೆಸರಿನಿಂದ ಆರಿಸಲು ಬಿಡುವ ಆ್ಯಪ್ ಬೇಕು, ಎಲ್ಲ ತಯಾರಕರೂ ಅದಕ್ಕೆ ಅವಕಾಶ ಕೊಟ್ಟಿರುವುದಿಲ್ಲ.

ಕತ್ತಲೆಯಲ್ಲಿ

ನಸುಕಿನ ತೆಯ್ಯಂ ಎಂಬ ದೈವಾರಾಧನೆಯನ್ನು ತೆಂಗಿನ ಗರಿಯ ಸೂಟೆಯ (ಪಂಜಿನ) ಬೆಳಕಿನಲ್ಲಿ ತೆಗೆಯುವಾಗ ಶಟರನ್ನು 1/10ಕ್ಕೆ ಇಳಿಸಲು ಹೋದರೆ ಗುಂಡಿ 1/30ರಲ್ಲೇ ನಿಂತುಬಿಡುತ್ತದೆ. ಇದು ದೋಷವಲ್ಲ, 30 ಫ್ರೇಮಿನ ವೀಡಿಯೊದಲ್ಲಿ ಒಂದು ಫ್ರೇಮಿಗೆ ಅದಕ್ಕಿಂತ ಹೆಚ್ಚು ಕಾಲ ಇಲ್ಲ. ಫ್ರೇಮ್ ದರವನ್ನು 24 ಅಥವಾ 25ಕ್ಕೆ ತಂದರೆ ಅಷ್ಟರಮಟ್ಟಿಗೆ ಬೆಳಕು ಹೆಚ್ಚು ಸಿಗುತ್ತದೆ. ಆಟೋದಲ್ಲಿ ಬಿಟ್ಟರೆ ಫೋನು ಕತ್ತಲೆಯಲ್ಲಿ ತಾನೇ ಫ್ರೇಮ್ ದರವನ್ನು ಇಳಿಸುವುದುಂಟು. ಹೀಗೆ ಏರಿಳಿದ ಫ್ರೇಮ್ ದರದ ಕಡತವನ್ನು ಎಡಿಟಿಂಗ್‌ಗೆ ಹಾಕಿದಾಗ ಆರಂಭದಲ್ಲಿ ಸರಿಯಾಗಿದ್ದ ಚೆಂಡೆಯ ಪೆಟ್ಟು ಅರ್ಧ ಗಂಟೆಯ ಹೊತ್ತಿಗೆ ಕೋಲಿನ ಚಲನೆಗಿಂತ ಮುಂದೋ ಹಿಂದೋ ಬೀಳುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ವೀಡಿಯೊ ಪರಿವರ್ತಿಸುವ ತಂತ್ರಾಂಶದಲ್ಲಿ ಸ್ಥಿರ ಫ್ರೇಮ್ ದರ ಎಂಬ ಆಯ್ಕೆಯೊಂದಿಗೆ ಮೊದಲು ಪರಿವರ್ತಿಸಿಕೊಂಡರೆ ಇದು ಸರಿಯಾಗುತ್ತದೆ. ನಿಧಾನ ಶಟರಿನಲ್ಲಿ ಕೈಯಲ್ಲಿ ಹಿಡಿದು ತೆಗೆದಾಗ ಚಿತ್ರ ಸ್ಥಿರವಿದ್ದೂ ಆಗಾಗ ಒಂದು ಕ್ಷಣ ಮಬ್ಬಾಗಿ ನಡುಗಿದರೆ ಎಲೆಕ್ಟ್ರಾನಿಕ್ ಸ್ಟೆಬಿಲೈಸೇಶನ್ (ಕೈಯ ಅಲುಗಾಟವನ್ನು ಲೆಕ್ಕಾಚಾರದಿಂದ ಸರಿಪಡಿಸುವ ವ್ಯವಸ್ಥೆ) ಆಫ್ ಮಾಡಿ ಫೋನನ್ನು ಟ್ರೈಪಾಡಿಗೆ ಏರಿಸಬೇಕು.

ಧಿಗಿಣವನ್ನು (ವೇಷಧಾರಿ ಸುತ್ತುತ್ತ ಹಾರುವ ಕುಣಿತವನ್ನು) ಸ್ಲೋ ಮೋಷನ್‌ನಲ್ಲಿ ತೆಗೆಯಲು 120 ಅಥವಾ 240 ಫ್ರೇಮಿಗೆ ಹೋದೊಡನೆ ಆಂಡ್ರಾಯ್ಡ್ ಆ್ಯಪ್‌ನಲ್ಲಿ ಗುಂಡಿಗಳು ಮಾಯವಾಗುವುದೂ ಸಹಜವೇ. ಅತಿವೇಗದ ಚಿತ್ರೀಕರಣದ ಆ ವ್ಯವಸ್ಥೆಯಲ್ಲಿ ಮ್ಯಾನುವಲ್ ನಿಯಂತ್ರಣಕ್ಕೆ ಎಡೆಯೇ ಇಲ್ಲ.

ಕೊನೆಯದಾಗಿ ಯಕ್ಷಗಾನದ ರಾಕ್ಷಸ ಪಾತ್ರವಾದ ಬಣ್ಣದ ವೇಷದ ಪ್ರವೇಶ. ದೀವಟಿಗೆಗೆ ರಾಳದ ಹುಡಿ ಎರಚಿದಾಗ ಭುಗಿಲೆದ್ದ ಬೆಂಕಿಯಲ್ಲಿ, ಲಾಕ್ ಮಾಡಿದ ಎಕ್ಸ್‌ಪೋಷರ್‌ನಲ್ಲಿ ವೇಷದ ಮುಖವರ್ಣಿಕೆಯೆಲ್ಲ ಬಿಳಿಯಾಗಿ ಕರಗಿಹೋಗುತ್ತದೆ. ಹೀಗೆ ಕರಗಿದ್ದನ್ನು ಎಡಿಟಿಂಗ್‌ನಲ್ಲಿ ಮರಳಿ ತರಲಾಗದು. ನೆರಳಿನಲ್ಲಿ ಉಳಿದದ್ದನ್ನು ಸ್ವಲ್ಪವಾದರೂ ಎತ್ತಬಹುದು. ಆದ್ದರಿಂದ ಪ್ರವೇಶಕ್ಕೆ ಮುಂಚೆಯೇ ಶಟರನ್ನು 1/50ರಲ್ಲಿ ಬಿಟ್ಟು ಐಎಸ್‌ಒವನ್ನು 400ರಿಂದ 200ಕ್ಕೆ ಇಳಿಸಿರಬೇಕು. ತೆರೆ ಸರಿಯುವವರೆಗೆ ಚಿತ್ರ ಕಪ್ಪೆನಿಸಿದರೂ ಬೆಂಕಿ ಎದ್ದ ಗಳಿಗೆಯಲ್ಲಿ ಹಣೆಯ ಚುಟ್ಟಿಯ (ಅಕ್ಕಿಹಿಟ್ಟಿನ ಬಿಳಿ ಚಿತ್ತಾರದ) ಗೆರೆಗಳು ಉಳಿಯುತ್ತವೆ.